ಮರಿಯಾ ಶ್ನೈಡರ್ ಸ್ಟ್ರೀಮಿಂಗ್‌ನಿಂದ ದೂರ ಉಳಿದದ್ದು ಸರಿಯೇ?

ಪರ

ಅಮೆರಿಕದ ಮಿನೆಸೋಟಾದ ವಿಂಡಮ್ ಎಂಬ ಸಣ್ಣ ಊರಿನಲ್ಲಿ 1960ರಲ್ಲಿ ಹುಟ್ಟಿದ ಮರಿಯಾ ಶ್ನೈಡರ್, ನ್ಯೂಯಾರ್ಕ್‌ನಲ್ಲಿ ಹೆಸರಾಂತ ಜಾಝ್ ಸಂಯೋಜಕ ಗಿಲ್ ಎವನ್ಸ್ ಅವರ ಸಹಾಯಕಿಯಾಗಿ ದುಡಿದು, ಇನ್ನೊಬ್ಬ ಸಂಯೋಜಕ ಬಾಬ್ ಬ್ರೂಕ್‌ಮೇಯರ್ ಅವರ ಬಳಿ ಕಲಿತು ಬೆಳೆದ ಜಾಝ್ ಸಂಯೋಜಕಿ. 2004ರಿಂದ ಹೊರತಂದ ಆಲ್ಬಂಗಳನ್ನು ಅವರು ಸ್ಪಾಟಿಫೈಯಂಥ ಸ್ಟ್ರೀಮಿಂಗ್ ಸೇವೆಗಳಿಗೆ ಬಿಟ್ಟಿಲ್ಲ. ಅವರು ಬರೆಯುವುದು ಸುಮಾರು ಹದಿನೆಂಟು ವಾದಕರ ವೃಂದಕ್ಕೆ. ಅಷ್ಟು ಜನರಿಗೆ ತಾಲೀಮು ಮಾಡಿಸಿ, ಸ್ಟುಡಿಯೋ ಬಾಡಿಗೆ ಕೊಟ್ಟು ಒಂದು ಆಲ್ಬಂ ಹೊರತರುವುದು ಸಣ್ಣ ಖರ್ಚಿನ ಕೆಲಸವಲ್ಲ.

ಈಗ ಸ್ಟ್ರೀಮಿಂಗ್‌ನ ಲೆಕ್ಕ ನೋಡಿ. ಸ್ಪಾಟಿಫೈನಲ್ಲಿ 30 ಸೆಕೆಂಡು ಕೇಳಿದರೆ ಒಂದು ಎಣಿಕೆ, ಹಣ ಸಿಗುವುದು ಎಣಿಕೆಗಳ ಲೆಕ್ಕದಲ್ಲಿ. ಮೂರು ನಿಮಿಷದ ಪಾಪ್ ಹಾಡಿಗೂ ಇಪ್ಪತ್ತು ನಿಮಿಷ ದಾಟುವ ಅವರ ‘ಸೆರೂಲಿಯನ್ ಸ್ಕೈಸ್’ಗೂ ಅದೇ ಒಂದು ಎಣಿಕೆ. (ಕಛೇರಿಯಲ್ಲಿ ಕೂತು ರಾಗ ತಾನ ಪಲ್ಲವಿಯನ್ನು ಪೂರ್ತಿ ಕೇಳಿದವರಿಗೆ ಇದರ ಅನ್ಯಾಯ ಬೇಗ ತಿಳಿಯುತ್ತದೆ.) ಚಿಕ್ಕ ಹಾಡುಗಳನ್ನು ಮತ್ತೆ ಮತ್ತೆ ಕೇಳಿಸುವವರಿಗೆ ಲಾಭ ಕೊಡುವ ಈ ಪದ್ಧತಿಗೆ ಒಪ್ಪಿಕೊಂಡರೆ, ಕ್ರಮೇಣ ದೀರ್ಘ ಕೃತಿಗಳನ್ನು ಬರೆಯುವುದೇ ನಿಂತುಹೋಗುತ್ತದೆ.

ಶ್ನೈಡರ್ ಬೇರೆ ದಾರಿ ಹಿಡಿದರು. ಕೇಳುಗರಿಂದ ಹಣ ಕೂಡಿಸುವ ಆರ್ಟಿಸ್ಟ್‌ಶೇರ್ ಎಂಬ ಜಾಲತಾಣದ ಮೂಲಕ ಕೇಳುಗರೇ ಮುಂಗಡವಾಗಿ ಹಣ ಹೂಡಿದರು. ಅದಕ್ಕೆ ಪ್ರತಿಯಾಗಿ ಕೃತಿ ರೂಪುಗೊಳ್ಳುವುದನ್ನು ಹಂತಹಂತವಾಗಿ ಕಂಡರು. ಹೀಗೆ ಬಂದ ‘ಕಾನ್ಸರ್ಟ್ ಇನ್ ದ ಗಾರ್ಡನ್’ (2004), ಅಂತರ್ಜಾಲದಲ್ಲಿ ಮಾತ್ರ ಮಾರಾಟವಾಗಿ ಗ್ರ್ಯಾಮಿ ಗೆದ್ದ ಮೊದಲ ಆಲ್ಬಂ. ಅದೇ ದಾರಿಯಲ್ಲಿ 2020ರಲ್ಲಿ ಬಂದ, ಜನರ ಮಾಹಿತಿ ಕಲೆಹಾಕುವ ದೈತ್ಯ ಕಂಪನಿಗಳನ್ನೇ ವಸ್ತುವಾಗಿಸಿಕೊಂಡ ‘ಡೇಟಾ ಲಾರ್ಡ್ಸ್’ ಎರಡು ಗ್ರ್ಯಾಮಿಗಳನ್ನು ಪಡೆದು, ಪುಲಿಟ್ಜರ್ ಪ್ರಶಸ್ತಿಯ ಅಂತಿಮ ಸುತ್ತಿಗೂ ಬಂತು. ತನ್ನ ಕೃತಿಯ ಬೆಲೆಯನ್ನು ತಾನೇ ನಿರ್ಧರಿಸುವ ಕಲಾವಿದೆಯನ್ನು ನಾನು ಮನಸಾರೆ ಬೆಂಬಲಿಸುತ್ತೇನೆ.

ವಿರೋಧ

ಸಂಭಾವನೆಯ ವಿಷಯದಲ್ಲಿ ಶ್ನೈಡರ್ ಹೇಳುವುದು ನಿಜ, ಅವರು 2014ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಹಕ್ಕುಸ್ವಾಮ್ಯದ ಬಗ್ಗೆ ಸಾಕ್ಷ್ಯ ನುಡಿದದ್ದೂ ಗೌರವಾರ್ಹ. ಆದರೆ ಕಾನೂನಿಗಾಗಿ ಹೋರಾಡುವುದು ಬೇರೆ, ಕೃತಿಯನ್ನು ಕೇಳುಗರಿಗೆ ಸುಲಭವಾಗಿ ಸಿಗದಂತೆ ಮಾಡುವುದು ಬೇರೆ.

1993ರಿಂದ 1998ರವರೆಗೆ ಅವರ ವೃಂದ ನ್ಯೂಯಾರ್ಕ್‌ನ ಗ್ರೀನ್‌ವಿಚ್ ವಿಲೇಜ್ ಬಡಾವಣೆಯ ವಿಸಿಯೋನೆಸ್ ಕ್ಲಬ್ಬಿನಲ್ಲಿ ಸೋಮವಾರದ ರಾತ್ರಿಗಳಲ್ಲಿ ನುಡಿಸುತ್ತಿತ್ತು. ಹೆಸರು ಗೊತ್ತಿಲ್ಲದೆ ಒಳಗೆ ಬಂದು, ಎದ್ದು ಹೋಗಲಾರದೆ ಕೂತ ಕೇಳುಗರೂ ಅಂಥ ಕಡೆ ಇರುತ್ತಾರೆ. ಜಾಝ್ ಬೆಳೆದದ್ದೇ ಅವರಿಂದ. ಮುಂಗಡ ಹಣ ಹೂಡುವ ಕೇಳುಗರಾದರೋ ಆಗಲೇ ಶ್ನೈಡರ್ ಅವರನ್ನು ಬಲ್ಲವರು. ಬೆಂಗಳೂರಿನಲ್ಲಿ ಸ್ಯಾಕ್ಸೊಫೋನ್ ಕಲಿಯುತ್ತಿರುವ ವಿದ್ಯಾರ್ಥಿ, ಎಂದೂ ಕೇಳದ ಸಂಗೀತಕ್ಕೆ ಡಾಲರ್ ಲೆಕ್ಕದಲ್ಲಿ ಹಣ ಕೊಡುವ ಧೈರ್ಯ ಮಾಡುವುದು ಅಪರೂಪ.

ಬ್ರಿಟಿಷ್ ರಾಕ್ ಗಾಯಕ ಡೇವಿಡ್ ಬೋವೀ ಜೊತೆ ಶ್ನೈಡರ್ 2014ರಲ್ಲಿ ಮಾಡಿದ ‘ಸೂ’ ಹಾಡು ಸ್ಟ್ರೀಮಿಂಗ್‌ನಲ್ಲಿ ಸಿಗುತ್ತದೆ. ಅದನ್ನು ಕೇಳಿ, ಈ ವಾದ್ಯಗಳನ್ನು ಹೀಗೆ ಹೆಣೆದವರು ಯಾರೆಂದು ಹುಡುಕುವವರಿಗೆ ಆರ್ಟಿಸ್ಟ್‌ಶೇರ್‌ನ ಆಲ್ಬಂಗಳು ಅಲ್ಲಿ ಸಿಗುವುದಿಲ್ಲ. ಕುತೂಹಲ ಹುಟ್ಟಿದ ಗಳಿಗೆಯಲ್ಲೇ ದಾರಿ ಮುಚ್ಚಿದರೆ ಆ ಕೇಳುಗರು ಮರಳಿ ಬರುವುದು ಕಷ್ಟ.

ಇನ್ನೊಂದು ಮಾತು. ಅವರು 2004ರಲ್ಲಿ ಈ ದಾರಿಗೆ ಬರುವ ವೇಳೆಗೆ, ಮೊದಲ ಆಲ್ಬಂ ‘ಇವನೆಸೆನ್ಸ್’ ಮೊದಲ್ಗೊಂಡು ಹತ್ತು ವರ್ಷದ ಕೆಲಸ ಹಾಗೂ ಹೆಸರು ಅವರ ಬೆನ್ನಿಗಿದ್ದವು. ಈಗಷ್ಟೇ ಮೊದಲ ವೃಂದ ಕಟ್ಟುತ್ತಿರುವವರಿಗೆ ಇದನ್ನೇ ಮಾದರಿಯೆಂದು ತೋರಿಸುವುದು ಅನ್ಯಾಯ. ಹೊಸ ಕೃತಿಗಳನ್ನು ತಮ್ಮ ಕೈಯಲ್ಲೇ ಉಳಿಸಿಕೊಂಡು, ಹಳೆಯ ಒಂದೊಂದು ಆಲ್ಬಂನಿಂದ ಒಂದು ಪೂರ್ಣ ಕೃತಿಯನ್ನಾದರೂ ಅವರು ಸ್ಟ್ರೀಮಿಂಗ್‌ಗೆ ಬಿಡಬಹುದಿತ್ತು, ಈಗಲೂ ಬಿಡಬಹುದು.