ಜೆರ್ಸಿ ಆಮೇಲೆ ಕೊಳ್ಳಿ, ಮೊದಲು ಸ್ಕೇಟ್ ಕಟ್ಟಿ

ಟೊರಾಂಟೊ, ಮಿಸ್ಸಿಸಾಗಾ, ಬ್ರ್ಯಾಂಪ್ಟನ್ ಕಡೆ ಬಂದು ನೆಲೆಸಿದ ನಮ್ಮವರಲ್ಲಿ ಎಷ್ಟೋ ಜನ ಎರಡನೇ ಚಳಿಗಾಲದ ಹೊತ್ತಿಗೆ ಟೊರಾಂಟೊದ ಐಸ್ ಹಾಕಿ ತಂಡ ಮೇಪಲ್ ಲೀಫ್ಸ್‌ನ ಅಭಿಮಾನಿಗಳಾಗಿಬಿಟ್ಟಿರುತ್ತಾರೆ. ಆಫೀಸಿನಲ್ಲಿ ಅದೇ ಮಾತು, ಟಿವಿಯಲ್ಲಿ ಅದೇ ಆಟ. 1967ರಿಂದ ಈಚೆಗೆ ಲೀಗಿನ ದೊಡ್ಡ ಟ್ರೋಫಿ ಸ್ಟ್ಯಾನ್ಲಿ ಕಪ್ ಕಾಣದ ತಂಡಕ್ಕೆ ಊರಿಗೆ ಊರೇ ಹೀಗೆ ಮನಸೋತಿದೆಯಲ್ಲ, ಅದನ್ನು ನೋಡಿದರೆ ಯಾರಿಗಾದರೂ ಆಸೆ ಹುಟ್ಟುತ್ತದೆ. ಆಸೆ ಹುಟ್ಟಿದ ಕೂಡಲೇ ಮಾಡುವ ಮೊದಲ ಖರ್ಚು ಜೆರ್ಸಿ. ನಾನು ಹೇಳುವುದಿಷ್ಟು: ಆ ದುಡ್ಡನ್ನು ಮೊದಲು ಸ್ಕೇಟ್‌ಗೆ, ಹೆಲ್ಮೆಟ್‌ಗೆ, ನಗರಸಭೆಯವರು ದೊಡ್ಡವರಿಗಾಗಿ ನಡೆಸುವ ಸ್ಕೇಟಿಂಗ್ ಕ್ಲಾಸಿಗೆ ಹಾಕಿ. ವಯಸ್ಸು ಮೂವತ್ತೈದಾಗಿರಲಿ, ಐವತ್ತಾಗಿರಲಿ, ಕಲಿಯಬಹುದು. ಕಲಿಯದಿದ್ದರೆ ಈ ಆಟ ಅರ್ಧವಷ್ಟೇ ಕಣ್ಣಿಗೆ ಬೀಳುತ್ತದೆ.

ಮೊದಲು ಒಂದು ತಪ್ಪು ತಿಳಿವಳಿಕೆ ಹೋಗಬೇಕು. ಒಂದೆರಡು ಸಲ ರಿಂಕಿಗೆ, ಅಂದರೆ ಐಸ್ ಅಂಗಳಕ್ಕೆ, ಹೋಗಿ ಬಿಟ್ಟವರು ಸಾಮಾನ್ಯವಾಗಿ ಹೇಳುವುದು, "ನನ್ನ ಕಾಲಿನ ಗಿಣ್ಣಿಗೆ ಶಕ್ತಿ ಸಾಲದು, ಒಳಗೆ ವಾಲುತ್ತೆ" ಅಂತ. ಬಹಳಷ್ಟು ಸಲ ತಪ್ಪು ಗಿಣ್ಣಿನದಲ್ಲ, ಸ್ಕೇಟಿನ ಅಳತೆಯದು. ಶೂ ಅಳತೆ ನೋಡಿ ಸ್ಕೇಟ್ ತಗೊಂಡಿರುತ್ತಾರೆ. ಐಸ್ ಹಾಕಿಯ ಸ್ಕೇಟ್ ಶೂಗಿಂತ ಒಂದರಿಂದ ಒಂದೂವರೆ ಅಳತೆ ಚಿಕ್ಕದಿರಬೇಕು. 9ನೇ ನಂಬರ್ ಶೂ ಹಾಕುವವರಿಗೆ 8 ಅಥವಾ 7.5. ನೆಟ್ಟಗೆ ನಿಂತಾಗ ಹೆಬ್ಬೆರಳು ಮುಂದಿನ ಗೋಡೆಗೆ ಹಗುರವಾಗಿ ತಾಗಬೇಕು. ಮಂಡಿ ಬಗ್ಗಿಸಿದರೆ ಹಿಮ್ಮಡಿ ಹಿಂದಕ್ಕೆ ಸರಿದು ಬೆರಳು ಬಿಡಿಸಿಕೊಳ್ಳಬೇಕು. ಇನ್ನೊಂದು ಪರೀಕ್ಷೆ: ಲೇಸ್ ಕಟ್ಟದೆ ಪಾದವನ್ನು ಪೂರ್ತಿ ಮುಂದೆ ತಳ್ಳಿ ಹಿಮ್ಮಡಿಯ ಹಿಂದೆ ಬೆರಳು ಇಳಿಬಿಡಿ. ಒಂದು ಬೆರಳು ಹಿಡಿಸಿದರೆ ಸರಿ, ಎರಡು ಹಿಡಿಸಿದರೆ ಆ ಜೋಡಿ ವಾಪಸ್ ಇಡಿ. ಬೂಟಿನೊಳಗೆ ಪಾದ ಓಡಾಡುತ್ತಿದ್ದರೆ ಬ್ಲೇಡಿನ ಮೇಲೆ ನಿಲ್ಲುವ ಕೆಲಸವೆಲ್ಲ ಗಿಣ್ಣಿನ ಮೇಲೆ ಬೀಳುತ್ತದೆ, ವಾಲದೆ ಇನ್ನೇನು ಮಾಡೀತು?

ಚಳಿಗೆ ಅಂತ ಎರಡು ಜೊತೆ ಉಣ್ಣೆ ಕಾಲುಚೀಲ ಹಾಕುವುದೂ ತಪ್ಪೇ. ಬೂಟು ಬಿಗಿದು ರಕ್ತ ಓಡಾಡದೆ ಬೆರಳು ಇನ್ನಷ್ಟು ಮರಗಟ್ಟುತ್ತದೆ. ತೆಳುವಾದ ಒಂದೇ ಜೊತೆ ಸಾಕು. ಲೇಸ್ ಕಟ್ಟುವ ಮುಂಚೆ ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿ, ಅದು ಹಿಂದಿನ ಗುಳಿಯಲ್ಲಿ ಕೂರಲಿ. ಬೆರಳುಗಳ ಹತ್ತಿರ ಸಡಿಲ, ಪಾದದ ಮೇಲೂ ಗಿಣ್ಣು ಮಡಿಚುವ ಜಾಗದಲ್ಲೂ ಬಿಗಿ, ಮೇಲಿನ ಎರಡು ತೂತುಗಳಲ್ಲಿ ಮತ್ತೆ ಸ್ವಲ್ಪ ಸಡಿಲ. ಮೇಲೆ ಬಿಗಿದರೆ ಮಂಡಿ ಮುಂದಕ್ಕೆ ಬಗ್ಗುವುದಿಲ್ಲ, ಮಂಡಿ ಬಗ್ಗದವರು ಸ್ಕೇಟ್ ಮಾಡಲಾರರು. ಉಳಿದ ಲೇಸನ್ನು ಗಿಣ್ಣಿಗೆ ಸುತ್ತಿ ಕಟ್ಟುವ ಅಭ್ಯಾಸವನ್ನು ದಯವಿಟ್ಟು ಬಿಡಿ.

ಸಾಣೆಯ ವಿಷಯಕ್ಕೆ ಬರುತ್ತೇನೆ. ಇದನ್ನು ಯಾರೂ ಹೊಸಬರಿಗೆ ಬಿಡಿಸಿ ಹೇಳುವುದಿಲ್ಲ, ಹೊಸಬರು ಅತಿ ಹೆಚ್ಚು ಕಷ್ಟಪಡುವುದೂ ಇಲ್ಲೇ. ಹೊಸ ಸ್ಕೇಟ್ ಸಾಮಾನ್ಯವಾಗಿ ಸಾಣೆ ಹಿಡಿಸದೆಯೇ ಪೆಟ್ಟಿಗೆಯಲ್ಲಿ ಬರುತ್ತದೆ. ಹಾಗೇ ಹಾಕಿಕೊಂಡು ಐಸ್ ಮೇಲೆ ಇಳಿದರೆ ಎಣ್ಣೆ ಚೆಲ್ಲಿದ ನೆಲದ ಮೇಲೆ ನಿಂತಂತಾಗುತ್ತದೆ. ಸ್ಕೇಟನ್ನು ತಲೆಕೆಳಗು ಹಿಡಿದು ಬ್ಲೇಡನ್ನು ಕಣ್ಣಿನ ಮಟ್ಟಕ್ಕೆ ತಂದು ನೋಡಿ. ಸುಮಾರು 3 ಮಿಲಿಮೀಟರ್ ದಪ್ಪದ ಆ ಉಕ್ಕು ಚಪ್ಪಟೆಯಾಗಿಲ್ಲ. ನಡುವೆ ಉದ್ದಕ್ಕೂ ಸಣ್ಣ ಕಾಲುವೆಯಂಥ ಗುಳಿ, ಅದರ ಎರಡು ದಡಗಳೇ ಎರಡು ಅಂಚು, ಒಳ ಅಂಚು ಮತ್ತು ಹೊರ ಅಂಚು. ಸ್ಕೇಟಿಂಗ್ ಅಂದರೆ ಎರಡೂ ಕಾಲಿನ ಈ ನಾಲ್ಕು ಅಂಚುಗಳಲ್ಲಿ ಯಾವುದರ ಮೇಲೆ ಯಾವಾಗ ಮೈಭಾರ ಬಿಡಬೇಕು ಅನ್ನುವ ವಿದ್ಯೆ.

ಆ ಗುಳಿಯ ಬಾಗಿಗೆ 'ಹಾಲೋ' ಅನ್ನುತ್ತಾರೆ. ಅದನ್ನು ಹೇಳುವ ಅಂಕಿ ಆ ಬಾಗಿನ ವೃತ್ತದ ತ್ರಿಜ್ಯ, ಇಂಚಿನ ಲೆಕ್ಕ. ಅಂಕಿ ಚಿಕ್ಕದಾದಷ್ಟೂ ಗುಳಿ ಆಳ, ಅಂಚು ಚೂಪು, ಐಸನ್ನು ಕಚ್ಚುವುದು ಹೆಚ್ಚು. ಏನೂ ಹೇಳದೆ ಕೊಟ್ಟರೆ ಬಹುತೇಕ ಅಂಗಡಿಗಳಲ್ಲಿ 1/2 ಇಂಚಿಗೆ ಹಿಡಿಯುತ್ತಾರೆ. ಹೊಸಬರು, ಅದರಲ್ಲೂ 80 ಕಿಲೋ ದಾಟಿದವರು, 5/8 ಕೇಳಿ ಮಾಡಿಸುವುದು ಒಳ್ಳೆಯದು. ತೂಕ ಹೆಚ್ಚಿದ್ದಷ್ಟೂ ಬ್ಲೇಡ್ ಆಳಕ್ಕೆ ಇಳಿಯುತ್ತದೆ. ಆಮೇಲೆ ನಿಲ್ಲಲು ಹೋದಾಗ ಬ್ಲೇಡ್ ಜಾರದೆ ಗಕ್ಕನೆ ಕಚ್ಚಿ, ಮೈ ಮುಂದಕ್ಕೆ ಹೋಗುತ್ತದೆ. ಹೊರಗಿನ ರಿಂಕಿನಲ್ಲಿ ಮೈನಸ್ 15ರ ದಿನ ಐಸ್ ಕಲ್ಲಿನಂತೆ ಗಟ್ಟಿ, ಅಲ್ಲಿ 5/8 ಸ್ವಲ್ಪ ಜಾರಿದಂತೆ ಅನಿಸಿದರೆ ಗಾಬರಿ ಬೇಡ.

ಸಾಣೆ ಆದ ಮೇಲೆ ಅಂಗಡಿಯಲ್ಲೇ ನೋಡಿಕೊಳ್ಳಿ. ಉಗುರನ್ನು ಅಂಚಿಗೆ ಅಡ್ಡ ಎಳೆದರೆ ಬಿಳಿಯ ಸಣ್ಣ ಪುಡಿ ಬರಬೇಕು, ಎರಡೂ ಅಂಚಿನಲ್ಲಿ, ಮುಂದಿನಿಂದ ಹಿಂದಿನವರೆಗೂ. ಬ್ಲೇಡಿನ ಮೇಲೆ ಒಂದು ನಾಣ್ಯ ಅಡ್ಡ ಇಟ್ಟು ನೋಡಿ. ಅದು ಒಂದು ಕಡೆ ವಾಲಿದರೆ ಒಂದು ಅಂಚು ಎತ್ತರ, ಇನ್ನೊಂದು ತಗ್ಗು ಅಂತ ಅರ್ಥ. ಅಂಥ ಸಾಣೆಯಲ್ಲಿ ಒಂದು ದಿಕ್ಕಿಗೆ ಚೆನ್ನಾಗಿ ತಿರುಗುತ್ತೀರಿ, ಇನ್ನೊಂದು ದಿಕ್ಕಿಗೆ ಜಾರಿ ಬೀಳುತ್ತೀರಿ, ತಪ್ಪು ನಿಮ್ಮದೇ ಅಂದುಕೊಳ್ಳುತ್ತೀರಿ. ನಾಚಿಕೊಳ್ಳದೆ ಮತ್ತೆ ಹಿಡಿಸಿ. ಐಸ್ ಮೇಲೆ ಹತ್ತರಿಂದ ಹದಿನೈದು ಗಂಟೆ ಆದ ಮೇಲೆ ಮತ್ತೊಂದು ಸಾಣೆ. ಕಾಂಕ್ರೀಟಿನ ಮೇಲೆ ಬ್ಲೇಡ್ ಮುಚ್ಚುವ ಗಾರ್ಡ್ ಇಲ್ಲದೆ ನಾಲ್ಕು ಹೆಜ್ಜೆ ಇಟ್ಟರೆ ಆ ಲೆಕ್ಕವೆಲ್ಲ ಮುಗಿಯಿತು. ಮನೆಗೆ ಬಂದ ಮೇಲೆ ಬ್ಲೇಡ್ ಒರೆಸಿ ಬಟ್ಟೆಯ ಕವರ್ ಹಾಕಿ. ಪ್ಲಾಸ್ಟಿಕ್ ಗಾರ್ಡಿನಲ್ಲೇ ಬಿಟ್ಟರೆ ಒಳಗೆ ತೇವ ನಿಂತು ತುಕ್ಕು ಹಿಡಿಯುತ್ತದೆ.

ಹೆಲ್ಮೆಟ್ ಬಗ್ಗೆ ಚರ್ಚೆಯೇ ಬೇಡ. ಕೆನಡಾದ ಮಾನದಂಡ ಸಂಸ್ಥೆ ಸಿಎಸ್‌ಎಯ ಗುರುತಿರುವ ಹಾಕಿ ಹೆಲ್ಮೆಟ್ಟೇ ಬೇಕು. ಸೈಕಲ್ ಹೆಲ್ಮೆಟ್ ಒಂದೇ ಒಂದು ದೊಡ್ಡ ಏಟು ತಡೆಯಲೆಂದು ಮಾಡಿದ್ದು, ತಲೆಯ ಹಿಂಭಾಗವನ್ನೂ ಅಷ್ಟಾಗಿ ಮುಚ್ಚುವುದಿಲ್ಲ. ಐಸ್ ಮೇಲೆ ಹೊಸಬರು ಹಿಂದಕ್ಕೇ ಬೀಳುವುದು ಹೆಚ್ಚು.

ಕಲಿಕೆ ಶುರುವಾಗಬೇಕಾದದ್ದು ಬೀಳುವುದರಿಂದ. ದೊಡ್ಡವರಿಗೆ ಏಟಾಗುವುದು ಬಿದ್ದಿದ್ದಕ್ಕಿಂತ ಹೆಚ್ಚಾಗಿ ಬೀಳದಿರಲು ಒದ್ದಾಡಿದ್ದಕ್ಕೆ. ಕೈ ಹಿಂದಕ್ಕೆ ಊರುತ್ತಾರೆ, ಮಣಿಕಟ್ಟು ಮುರಿಯುತ್ತದೆ. ತೋಲ ತಪ್ಪಿತು ಅನಿಸಿದ ಕ್ಷಣ ಬಸ್ಕಿಯಂತೆ ಕೆಳಗೆ ಇಳಿದು, ತೊಡೆ ಮತ್ತು ಪೃಷ್ಠದ ಪಕ್ಕಕ್ಕೆ ಒರಗಿ, ಗಲ್ಲವನ್ನು ಎದೆಗೆ ಒತ್ತಿ, ಮುಷ್ಟಿ ಕಟ್ಟಿ ಬೀಳಿ. ಬೆರಳು ಬಿಚ್ಚಿಟ್ಟರೆ ಇನ್ನೊಬ್ಬರ ಬ್ಲೇಡಿಗೆ ಸಿಗಬಹುದು, ಕೈಗವಸು ಯಾವಾಗಲೂ ಇರಲಿ. ಏಳುವಾಗ ಮೊದಲು ಮಂಡಿಯೂರಿ, ಒಂದು ಬ್ಲೇಡನ್ನು ಮುಂದೆ ಸಮತಟ್ಟಾಗಿ ಇಟ್ಟು, ಎರಡೂ ಕೈಯನ್ನು ಆ ಮಂಡಿಯ ಮೇಲೆ ಒತ್ತಿ ಎದ್ದೇಳಿ. ಮೊದಲ ದಿನ ಬೇಕೆಂದೇ ಹತ್ತು ಸಲ ಬಿದ್ದು ಏಳಿ. ಹೆದರಿಕೆ ಹೋದರೆ ಮಂಡಿ ತಾನಾಗಿ ಬಗ್ಗುತ್ತದೆ.

ನಿಲುವು ಹೇಗಿರಬೇಕು ಅಂದರೆ ಕಬಡ್ಡಿಯಲ್ಲಿ ರೇಡರ್ ಬರುವುದನ್ನು ಕಾಯುವವನಂತೆ. ಪಾದ ಭುಜದಗಲ, ಮಂಡಿ ಕಾಲ್ಬೆರಳಿನ ಮೇಲೆ, ಎದೆ ಎತ್ತಿ, ಕೈ ಮುಂದೆ. ಕಣ್ಣು ಕೆಳಗೆ ಬೇಡ, ತಲೆ ಎತ್ತ ಬಗ್ಗುತ್ತದೋ ಮೈ ಅತ್ತಲೇ ಹೋಗುತ್ತದೆ. ಮೊದಲು ನಿಂತಲ್ಲೇ ಕವಾಯತಿನ ಹೆಜ್ಜೆ, ಆಮೇಲೆ ನಾಲ್ಕು ಹೆಜ್ಜೆ ಹಾಕಿ ಎರಡೂ ಕಾಲಿನ ಮೇಲೆ ಜಾರುವುದು, ಆಮೇಲೆ ಒಂದೇ ಕಾಲಿನ ಮೇಲೆ ಮೂರು ಎಣಿಸುವವರೆಗೆ. ಎಲ್ಲರೂ ಎಡವುವುದು ತಳ್ಳುವುದರಲ್ಲಿ. ನಡೆಯುವ ಅಭ್ಯಾಸಕ್ಕೆ ಕಾಲು ಬೆರಳಿನಿಂದ ಹಿಂದಕ್ಕೆ ತಳ್ಳಲು ಹೋಗುತ್ತದೆ. ಹಾಕಿ ಬ್ಲೇಡಿನ ತುದಿ ದುಂಡಗಿದೆ, ಫಿಗರ್ ಸ್ಕೇಟಿನಂತೆ ಹಲ್ಲಿಲ್ಲ, ಹಿಂದಕ್ಕೆ ತಳ್ಳಿದರೆ ಮುಖ ಐಸಿಗೆ ತಾಗುತ್ತದೆ. ಒಳ ಅಂಚನ್ನು ಊರಿ ಓರೆಯಾಗಿ ಪಕ್ಕಕ್ಕೆ ತಳ್ಳಬೇಕು, ತಳ್ಳಿದ ಕಾಲು ಮತ್ತೆ ಮೈಯ ಕೆಳಗೆ ಬಂದು ಸೇರಬೇಕು.

ಬೆಂಗಳೂರಿನಲ್ಲಿ ಚಿಕ್ಕಂದಿನಲ್ಲಿ ರೋಲರ್ ಅಥವಾ ಇನ್‌ಲೈನ್ ಸ್ಕೇಟ್ ಕಲಿತವರು ತಳ್ಳುವುದರಲ್ಲಿ ಒಂದೇ ವಾರದಲ್ಲಿ ಮುಂದೆ ಹೋಗುತ್ತಾರೆ. ನಿಲ್ಲುವುದು ಮಾತ್ರ ಹೊಸದಾಗಿ ಕಲಿಯಬೇಕು, ಯಾಕೆಂದರೆ ಐಸ್ ಸ್ಕೇಟಿಗೆ ರಬ್ಬರ್ ಬ್ರೇಕ್ ಇಲ್ಲ. ಆ ವೇಗದ ಧೈರ್ಯದಲ್ಲಿ ಗೋಡೆಗೆ ಹೋಗಿ ಬಡಿಯುವವರು ಇವರೇ. ಮೊದಲು ಹಿಮ್ಮಡಿ ಹೊರಕ್ಕೆ, ಬೆರಳು ಒಳಕ್ಕೆ ಮಾಡಿ ಐಸ್ ಕೆರೆದು ನಿಲ್ಲುವ ಸ್ನೋಪ್ಲೋ ಕೈವಶವಾಗಲಿ. ಎರಡೂ ಪಾದವನ್ನು ಒಮ್ಮೆಗೇ 90 ಡಿಗ್ರಿ ತಿರುಗಿಸುವ ಹಾಕಿ ಸ್ಟಾಪ್ ಆಮೇಲೆ. ಅದರ ಗುಟ್ಟು ಹೀಗಿದೆ: ಮಂಡಿ ಬಗ್ಗಿಸಿ, ಸ್ವಲ್ಪ ಮೇಲೆದ್ದು ಭಾರ ಹಗುರ ಮಾಡಿ, ಅದೇ ಕ್ಷಣ ಸೊಂಟದಿಂದ ಕೆಳಗೆ ಮಾತ್ರ ತಿರುಗಿಸಿ, ಮತ್ತೆ ಕೆಳಗೆ ಕೂತು ಭಾರ ಹಾಕಿ. ಭುಜ ಸಹ ತಿರುಗಿದರೆ ನಿಲ್ಲುವ ಬದಲು ಬುಗುರಿಯಂತೆ ಸುತ್ತುತ್ತೀರಿ. ಸರಿಯಾಗಿ ಬಂದ ದಿನ ಬ್ಲೇಡಿನ ಕೆಳಗಿಂದ ಸರ್ ಅಂತ ಸದ್ದು ಬಂದು ಬಿಳಿ ಪುಡಿ ಹಾರುತ್ತದೆ. ಒಂದು ಬದಿಗೆ ಬಂದದ್ದು ಇನ್ನೊಂದು ಬದಿಗೆ ಬರಲು ಬಹುಶಃ ಇನ್ನೊಂದು ಚಳಿಗಾಲ ಬೇಕು, ಅದು ಎಲ್ಲರ ಕಥೆ.

ಜಾಗಕ್ಕೇನೂ ಬರವಿಲ್ಲ. ನವೆಂಬರ್ ಕೊನೆಯಿಂದ ಟೊರಾಂಟೊ ನಗರದ ಹೊರಾಂಗಣ ರಿಂಕುಗಳು ತೆರೆಯುತ್ತವೆ, ಪ್ರವೇಶ ಉಚಿತ. ಐಸ್ ನುಣುಪು ಮಾಡುವ ಜಾಂಬೋನಿ ಗಾಡಿ ಬಿಸಿನೀರು ಹಾಯಿಸಿ ಹೋದ ಮೇಲೆ ನೀರಿನ ಹೊಳಪು ಆರುವವರೆಗೆ ಕಾದು ಇಳಿಯಿರಿ. ಮಧ್ಯಾಹ್ನವೆಲ್ಲ ಜನ ಓಡಾಡಿ ಗೀರು ಬಿದ್ದ ಐಸಿನಲ್ಲಿ ಬ್ಲೇಡ್ ಸಿಕ್ಕಿಕೊಳ್ಳುತ್ತದೆ.

ಸ್ಟಿಕ್ ಕೊಳ್ಳುವವರಿಗೆ, ಅದರಲ್ಲೂ ಕೊಡಗಿನ ಮೈದಾನಗಳಲ್ಲಿ ಹಾಕಿ ಆಡಿ ಬಂದವರಿಗೆ ಒಂದು ಮಾತು. ಇಲ್ಲಿ 'ಹಾಕಿ' ಅಂದರೆ ಐಸ್ ಹಾಕಿಯೇ, ನಮ್ಮದನ್ನು ಫೀಲ್ಡ್ ಹಾಕಿ ಅನ್ನಬೇಕು. ಫೀಲ್ಡ್ ಹಾಕಿಯಲ್ಲಿ ಎಡಗೈ ಮೇಲೆ, ಬಲಗೈ ಕೆಳಗೆ, ಬೇರೆ ದಾರಿಯಿಲ್ಲ. ಐಸ್ ಹಾಕಿಯಲ್ಲಿ ಎಡಕ್ಕೂ ಬಲಕ್ಕೂ ಬೇರೆ ಬೇರೆ ಸ್ಟಿಕ್ ಇವೆ. ಹಳೆಯ ಹಿಡಿತ ಇದ್ದವರು 'ರೈಟ್' ಅಂತ ಬರೆದದ್ದನ್ನೇ ತಗೊಳ್ಳಿ. ಸ್ಕೇಟ್ ಹಾಕಿ ನಿಂತಾಗ ತುದಿ ಗಲ್ಲದವರೆಗೆ ಬಂದರೆ ಸಾಕು.

ಇಷ್ಟಾದ ಮೇಲೆ ಪಂದ್ಯ ನೋಡಿ. 200 ಅಡಿ ಉದ್ದ, 85 ಅಡಿ ಅಗಲದ ಅಂಗಳದಲ್ಲಿ ಟಿವಿ ಕ್ಯಾಮೆರಾ 3 ಇಂಚು ಅಗಲದ ರಬ್ಬರ್ ಬಿಲ್ಲೆಯ, ಅಂದರೆ ಪಕ್‌ನ, ಹಿಂದೆಯೇ ಓಡುತ್ತದೆ, ನೀವು ಕಾಲು ನೋಡಿ. ಆಟಗಾರರು 45 ಸೆಕೆಂಡಿಗೆಲ್ಲ ಬೆಂಚಿಗೆ ಯಾಕೆ ಓಡುತ್ತಾರೆ ಅನ್ನುವುದು, ಮಂಡಿ ಬಗ್ಗಿಸಿ ಒಂದು ನಿಮಿಷ ಜೋರಾಗಿ ಸ್ಕೇಟ್ ಮಾಡಿದವರ ತೊಡೆಗೆ ಗೊತ್ತು. ಎರಡನೇ ಪೀರಿಯಡ್‌ನಲ್ಲಿ ತಂಡಗಳು ಬದಿ ಬದಲಿಸುವುದರಿಂದ ತಮ್ಮ ಗೋಲು ಕಾಯುವವರಿಗೆ ಬೆಂಚು ದೂರವಾಗುತ್ತದೆ. ಪಕ್ ಹೊರಗೆ ದಾಟಿಸಲಾಗದೆ ಅಲ್ಲೇ ಸಿಕ್ಕಿಬಿದ್ದ ಐವರ ಬೆನ್ನು ನೆಟ್ಟಗಾಗುವುದನ್ನು ಗಮನಿಸಿ, ದಣಿದವರು ಮೊದಲು ಬಿಡುವುದು ಮಂಡಿಯ ಬಾಗನ್ನೇ. ಲೀಫ್ಸ್ ಟಿಕೆಟ್ ದುಬಾರಿ ಅನಿಸಿದರೆ ಕೋಕಾ-ಕೋಲಾ ಕೊಲಿಸಿಯಂನಲ್ಲಿ ಲೀಫ್ಸ್‌ನ ಕೆಳಹಂತದ ತಂಡ ಮಾರ್ಲೀಸ್ ಅಥವಾ ಮಹಿಳೆಯರ ತಂಡ ಸೆಪ್ಟರ್ಸ್ ಆಡುವ ಪಂದ್ಯಕ್ಕೆ ಹೋಗಿ. ಗಾಜಿನ ಪಕ್ಕದ ಸೀಟು ಬೇಡ, ಮೂಲೆಯ ಕಡೆ ಮೇಲಿನ ಸಾಲಿನಲ್ಲಿ ಕೂತುಕೊಳ್ಳಿ. ಎದುರಾಳಿ ಪಕ್ ಹಿಡಿದು ನುಗ್ಗಿ ಬರುವಾಗ ಹಿಂದಕ್ಕೆ ಸ್ಕೇಟ್ ಮಾಡುತ್ತ ಬರುವ ಡಿಫೆನ್ಸ್ ಆಟಗಾರನ ಸೊಂಟದ ಮೇಲೆ ಕಣ್ಣಿಡಿ. ಅದು ಯಾವ ಕಡೆಗೆ ಮೊದಲು ತಿರುಗುತ್ತದೋ, ಒಳ್ಳೆಯ ಫಾರ್ವರ್ಡ್ ಅದರ ಇನ್ನೊಂದು ಕಡೆಯಿಂದ ನುಗ್ಗುತ್ತಾನೆ.