ಶಾಸನದ ಪೆರ್ಗಡೆಯೂ ನಮ್ಮ ಹೆಗಡೆ ಮನೆತನವೂ

ನಾನು ನೆಲೆಸಿರುವ ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ, ತಮ್ಮ ಮನೆತನದ ಹೆಸರು ಯಾವ ಕಾಲದಲ್ಲಿ, ಯಾವ ಹಳ್ಳಿಯಲ್ಲಿ ಹುಟ್ಟಿತೆಂಬುದನ್ನು ಸಾಮಾನ್ಯ ನೌಕರರೂ ನಿವೃತ್ತ ಶಿಕ್ಷಕರೂ ವರ್ಷಗಟ್ಟಲೆ ಶ್ರದ್ಧೆಯಿಂದ ಹುಡುಕುತ್ತಾರೆ. ಅವರ ಈ ಶ್ರದ್ಧೆಯನ್ನು ನಾನು ಮನಸಾರೆ ಗೌರವಿಸುತ್ತೇನೆ. ಅದಕ್ಕೆ ತಕ್ಕ ದಾಖಲೆಗಳೂ ಅವರಿಗಿವೆ. 1538ರಲ್ಲಿ ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್, ತಮ್ಮ ವ್ಯಾಪ್ತಿಯ ಜ್ಞಾನಸ್ನಾನ, ಮದುವೆ, ಶವಸಂಸ್ಕಾರಗಳನ್ನು ಪ್ರತಿಯೊಂದು ಚರ್ಚಿನವರೂ ಪುಸ್ತಕದಲ್ಲಿ ಬರೆದಿಡಬೇಕೆಂದು ಆಜ್ಞೆ ಹೊರಡಿಸಿದನು. ಅದಕ್ಕೂ ಹಿಂದಕ್ಕೆ ಹೋಗಬಯಸುವವರಿಗೆ 1377, 1379 ಮತ್ತು 1381ರ ತಲೆಗಂದಾಯದ ಪಟ್ಟಿಗಳಿವೆ. ಅವುಗಳಲ್ಲಿ ಪಶ್ಚಿಮ ಯಾರ್ಕ್‌ಷೈರಿಗೆ ಸೇರಿದ 1379ರ ಪಟ್ಟಿ ಚೆನ್ನಾಗಿ ಉಳಿದುಬಂದಿರುವುದರಿಂದ, ಅಂದು ಕಂದಾಯ ತೆತ್ತ ರೈತರ, ಕುಶಲಕರ್ಮಿಗಳ ಹೆಸರುಗಳನ್ನು ಇಂದಿಗೂ ಹಳ್ಳಿಹಳ್ಳಿಯಾಗಿ ಓದಬಹುದು.

ಇದನ್ನು ಕಂಡ ಹೊರನಾಡ ಕನ್ನಡಿಗರಲ್ಲಿ ಕೆಲವರು ತಮ್ಮ ಅಡ್ಡಹೆಸರನ್ನೂ ಇದೇ ದಾರಿಯಲ್ಲಿ ಹಿಂಬಾಲಿಸಲು ಹೊರಡುತ್ತಾರೆ. ಶಿರಸಿ ಸೀಮೆಯ ಹವ್ಯಕ ಹೆಗಡೆ ಮನೆತನದವನಾದ ನನಗೂ ಆ ಆಸೆ ಸಹಜವೇ. ಬಿ. ಎಲ್. ರೈಸ್ ಅವರು 1886ರಲ್ಲಿ ಕೊಡಗಿನ ಶಾಸನಗಳಿಂದ ಆರಂಭಿಸಿ 12 ಸಂಪುಟಗಳಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹವನ್ನು ತೆರೆದರೆ ಪೆರ್ಗಡೆಗಳೂ ಹೆಗ್ಗಡೆಗಳೂ ಧಾರಾಳವಾಗಿ ಎದುರಾಗುತ್ತಾರೆ. ಆದರೆ ಅವರಲ್ಲಿ ಒಬ್ಬನನ್ನು ಆರಿಸಿಕೊಂಡು ‘ಇವನೇ ನಮ್ಮ ಮೂಲಪುರುಷ’ ಎನ್ನುವುದು ತಪ್ಪೆಂದು ನನ್ನ ದೃಢವಾದ ಅಭಿಪ್ರಾಯ.

ಹೆಗ್ಗಡೆ, ಹೆಗಡೆ ಎಂಬ ರೂಪಗಳಿಗೆ ಮೂಲವಾದ ಪೆರ್ಗಡೆ ಎಂಬುದು ಹುದ್ದೆ. ಕಲ್ಯಾಣದ ಚಾಲುಕ್ಯರ ಶಾಸನಗಳಲ್ಲಿ ಅರಮನೆಯ ಆಡಳಿತ ನೋಡುವವನು ಮನೆವೆರ್ಗಡೆ, ಸುಂಕದ ಮೇಲಧಿಕಾರಿ ಸುಂಕವೆರ್ಗಡೆ, ಅಡುಗೆಮನೆಯ ಮುಖ್ಯಸ್ಥ ಬಾಣಸವೆರ್ಗಡೆ. ಒಬ್ಬನೇ ವ್ಯಕ್ತಿಗೆ ಮಹಾಪ್ರಧಾನ, ಮನೆವೆರ್ಗಡೆ, ದಂಡನಾಯಕ ಎಂಬ ಬಿರುದುಗಳು ಒಟ್ಟಿಗೇ ಸೇರಿರುವುದೂ ಉಂಟು. ಗಾವುಂಡ, ಸೇನಬೋವ, ನಾಯಕ ಎಂಬವುಗಳೂ ಹೀಗೆಯೇ ಅಧಿಕಾರದ ಹೆಸರುಗಳು. ಗೌಡ, ಶಾನುಭೋಗ ಎಂಬ ರೂಪದಲ್ಲಿ ಅವು ಊರಿನ ವಂಶಪಾರಂಪರ್ಯ ಹುದ್ದೆಗಳಾಗಿ ಉಳಿದು, 1961ರ ಕಾಯ್ದೆಯಿಂದ ಆ ಹುದ್ದೆಗಳು ರದ್ದಾದ ಮೇಲೂ ಜನರ ಹೆಸರುಗಳ ಜೊತೆಯಲ್ಲಿ ನಿಂತಿವೆ.

ಹುದ್ದೆಯು ವಂಶದ ಹೆಸರಾಗುವುದು ಬ್ರಿಟನ್ನಿನಲ್ಲೂ ನಡೆದದ್ದೇ. ಹನ್ನೆರಡನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ದೊರೆ ಒಂದನೆಯ ಡೇವಿಡ್ ವಾಲ್ಟರ್ ಫಿಟ್ಜ್ ಆಲನ್ ಎಂಬವನನ್ನು ತನ್ನ ಸ್ಟೂವರ್ಡ್ ಆಗಿ, ಅಂದರೆ ನಮ್ಮ ಮನೆವೆರ್ಗಡೆಯಂಥ ಅಧಿಕಾರಿಯಾಗಿ, ನೇಮಿಸಿದನು. ಆ ಪದವಿ ಅವನ ಸಂತತಿಗೆ ಹೆಸರಾಗಿ, 1371ರಲ್ಲಿ ಅದೇ ವಂಶದ ಎರಡನೆಯ ರಾಬರ್ಟ್ ಸಿಂಹಾಸನವೇರಿದಾಗ ಸ್ಟೂವರ್ಟ್ ರಾಜಮನೆತನವಾಯಿತು. ವಿಜಯನಗರದ ನಾಯಕ ಪದವಿಯಿಂದ ಕೆಳದಿಯ ಅರಸು ಮನೆತನ ಬೆಳೆದುದನ್ನು ಬಲ್ಲವರಿಗೆ ಇದು ಹೊಸದೆನಿಸುವುದಿಲ್ಲ. ಆದರೂ ಇಂದಿನ ಸ್ಟೂವರ್ಟರೆಲ್ಲ ಆ ವಾಲ್ಟರನ ಮಕ್ಕಳಲ್ಲ, ಏಕೆಂದರೆ ಸಣ್ಣಪುಟ್ಟ ಜಮೀನುದಾರರ ಮನೆಗಳಲ್ಲೂ ಸ್ಟೂವರ್ಡರಿದ್ದರು.

ಒಂದೇ ಮೂಲದ ಹೆಸರಿಗೂ ಹಲವು ಮೂಲಗಳ ಹೆಸರಿಗೂ ಇರುವ ಈ ವ್ಯತ್ಯಾಸವನ್ನು ಇಲ್ಲಿನವರು ವಿಜ್ಞಾನದಿಂದಲೂ ಅಳೆದಿದ್ದಾರೆ. ಆಕ್ಸ್‌ಫರ್ಡಿನ ತಳಿವಿಜ್ಞಾನಿ ಬ್ರಯಾನ್ ಸೈಕ್ಸ್ 2000ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯಾರ್ಕ್‌ಷೈರಿನೊಡನೆ ಗಾಢ ನಂಟಿರುವ ತಮ್ಮದೇ ಅಡ್ಡಹೆಸರಿನ ಗಂಡಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಲ್ಲಿ, ತಂದೆಯಿಂದ ಮಗನಿಗೆ ಇಳಿಯುವ ವೈ ವರ್ಣತಂತು ಒಂದೇ ಬಗೆಯದೆಂದು ತೋರಿಸಿದರು. ಆದರೆ ಕಮ್ಮಾರಿಕೆಯಿಂದ ಬಂದ ಸ್ಮಿತ್ ಎಂಬ ಹೆಸರಿನವರಲ್ಲಿ ಇಂಥ ಏಕಮೂಲ ಕಾಣುವುದಿಲ್ಲ, ಏಕೆಂದರೆ ಊರೂರಿಗೂ ಒಬ್ಬ ಕಮ್ಮಾರನಿದ್ದ.

ಹೆಗಡೆ ಎಂಬುದೂ ಸ್ಮಿತ್ ಎಂಬಂಥದೇ ಹೆಸರು. ಘಟ್ಟದ ಮೇಲಿನ ಹವ್ಯಕರಲ್ಲಿ ಹೆಗಡೆಯವರಿದ್ದಾರೆ, ಕರಾವಳಿಯ ಬಂಟರಲ್ಲಿ ಹೆಗ್ಡೆಯವರಿದ್ದಾರೆ, ಜೈನ ಮನೆತನಕ್ಕೆ ಸೇರಿದ ಧರ್ಮಸ್ಥಳದ ಧರ್ಮಾಧಿಕಾರಿಗಳೂ ಹೆಗ್ಗಡೆಯವರೇ. ಇವರೆಲ್ಲರನ್ನು ಒಂದು ರಕ್ತಕ್ಕೆ ಗಂಟುಹಾಕುವುದು ಸಾಧ್ಯವೇ ಇಲ್ಲ. ಆಡಳಿತದ ಹೊಣೆಯೊಂದನ್ನು ಬೇರೆ ಬೇರೆ ಸಮುದಾಯಗಳ ಹಿರಿಯರು ಬೇರೆ ಬೇರೆ ಸೀಮೆಗಳಲ್ಲಿ ಹೊತ್ತಿದ್ದರೆಂಬುದಷ್ಟೇ ಇದರಿಂದ ತಿಳಿಯುವುದು, ಮತ್ತು ಅದು ಸಣ್ಣ ವಿಷಯವೂ ಅಲ್ಲ. ಬಂಟರ ವಿಚಾರದಲ್ಲಿ ಇನ್ನೂ ಒಂದು ತೊಡಕಿದೆ. ಅಳಿಯಸಂತಾನ ಪದ್ಧತಿಯಲ್ಲಿ ಮಕ್ಕಳು ತಾಯಿಯ ಮನೆಗೆ ಸೇರುತ್ತಿದ್ದುದರಿಂದ, ತಂದೆಯ ಕಡೆಯಿಂದ ಬರುವ ವೈ ವರ್ಣತಂತುವೂ ಮನೆತನದ ಹೆಸರೂ ಒಟ್ಟಿಗೆ ಸಾಗುವಂತಿರಲಿಲ್ಲ. ಇಂಗ್ಲೆಂಡಿನ ಸಂಶೋಧನೆಯ ಬುನಾದಿಯೇ ಅಲ್ಲಿ ಕುಸಿಯುತ್ತದೆ. ಹಳೆಯ ಮೈಸೂರು ಸೀಮೆಯ ಎಷ್ಟೋ ಮನೆಗಳಲ್ಲಿ ಅಡ್ಡಹೆಸರೇ ಇಲ್ಲ. ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳೇ ಅವರಿಗೆ ಸಾಕಾಗಿದ್ದವು.

ಹಾಗೆಂದು ನಮಗೆ ಮಧ್ಯಯುಗದ ದಾಖಲೆಯಿಲ್ಲವೆಂದು ಕೊರಗುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಇಂಗ್ಲೆಂಡಿನವರು ಹೆಸರನ್ನು ಹಿಡಿದು ಊರನ್ನು ತಲುಪುತ್ತಾರೆ. ನಾವು ಊರನ್ನು ಹಿಡಿದು ಹೊರಡಬೇಕು. ದಾನಶಾಸನವು ಗದ್ದೆಯ ಎಲ್ಲೆ, ಕೆರೆ, ಏರಿ, ಪಕ್ಕದ ಹಳ್ಳಿ ಎಲ್ಲವನ್ನೂ ಹೆಸರಿಸುತ್ತದೆ. ಊರಿನ ದನಗಳನ್ನು ಬಿಡಿಸಲು ಹೋರಾಡಿ ಮಡಿದವನು ಯಾರ ಮಗನೆಂಬುದನ್ನು ವೀರಗಲ್ಲು ಎಷ್ಟೋ ಸಲ ಹೇಳುತ್ತದೆ. ಶಾಸನಗಳಿಂದ ಈಚೆಗೆ ಬಂದರೆ ಬ್ರಿಟಿಷ್ ಮೋಜಣಿ ಅಧಿಕಾರಿ ಕಾಲಿನ್ ಮೆಕೆಂಜಿ ಸಂಗ್ರಹಿಸಿದ ಕೈಫಿಯತ್ತುಗಳು, ಅಂದರೆ ಊರೂರಿನ ವೃತ್ತಾಂತಗಳು, ಇವೆ, ಮಠಗಳ ಕಡತಗಳಿವೆ, ಇನಾಮು ಭೂಮಿಯ ಪತ್ರಗಳಿವೆ. ಇವುಗಳ ನಡುವೆ ಶತಮಾನಗಳ ಕಂದಕಗಳು ಇದ್ದೇ ಇರುತ್ತವೆ, ಮತ್ತು ಅವುಗಳನ್ನು ಐತಿಹ್ಯದಿಂದ ತುಂಬಿಸದೆ ತೆರೆದೇ ಬಿಡುವ ಪ್ರಾಮಾಣಿಕತೆಯನ್ನು ಇಲ್ಲಿನ ಹವ್ಯಾಸಿ ಸಂಶೋಧಕರಿಂದ ನಾವು ಖಂಡಿತವಾಗಿ ಕಲಿಯಬೇಕು.

ಇವೆಲ್ಲಕ್ಕಿಂತ ನನಗೆ ಹೆಚ್ಚು ಅಮೂಲ್ಯವಾಗಿ ಕಾಣುವುದು ನಾಸಿಕ, ಗಯೆ, ಹರಿದ್ವಾರಗಳ ತೀರ್ಥಪುರೋಹಿತರ ವಹಿಗಳು. ಯಾತ್ರೆಗೆ ಬಂದವರು ತಮ್ಮ ತಂದೆ, ಅಜ್ಜ, ಮುತ್ತಜ್ಜಂದಿರ ಹೆಸರುಗಳನ್ನು ಸ್ವಂತ ಕೈಯಿಂದ ಬರೆದು ಸಹಿ ಹಾಕಿದ ಪುಟಗಳು ಅವುಗಳಲ್ಲಿವೆ. ಅವು ಮಧ್ಯಯುಗದವರೆಗೆ ಮುಟ್ಟಿಸದಿದ್ದರೂ, ಶಾಸನದ ಊರಿಗೂ ಇಂದಿನ ಮನೆಗೂ ನಡುವಿನ ದಾರಿಯ ಈಚೆಯ ಭಾಗವನ್ನು ನಂಬಿಕೆಗೆ ಅರ್ಹವಾಗಿ ತುಂಬಬಲ್ಲವು. ಹರಿದ್ವಾರದ ಎಷ್ಟೋ ವಹಿಗಳನ್ನು ಅಮೆರಿಕದ ಯೂಟಾದ ವಂಶಾವಳಿ ಸಂಸ್ಥೆಯೊಂದು ಮೈಕ್ರೋಫಿಲ್ಮಿನಲ್ಲಿ ಉಳಿಸಿದೆ. ಕನ್ನಡ ನಾಡಿನ ಹಳ್ಳಿಗಳಿಗೆ ಸಂಬಂಧಿಸಿದ ಪುಟಗಳನ್ನು ಪುರೋಹಿತರ ಒಪ್ಪಿಗೆ ಪಡೆದು ಛಾಯಾಚಿತ್ರದಲ್ಲಿ ಸಂಗ್ರಹಿಸಿ, ಅಡ್ಡಹೆಸರಿನ ಬದಲು ಊರಿನ ಪ್ರಕಾರ ವಿಂಗಡಿಸುವ ಕೆಲಸವನ್ನು ಹೊರನಾಡಿನ ಕನ್ನಡ ಸಂಘಗಳು ಕೈಗೆತ್ತಿಕೊಳ್ಳಬೇಕು. ಪುರೋಹಿತ ಮನೆಗಳ ಹೊಸ ತಲೆಮಾರು ಬೇರೆ ಉದ್ಯೋಗಗಳಿಗೆ ಹೋಗುತ್ತಿರುವ ಈ ಕಾಲದಲ್ಲಿ ಅದನ್ನು ಮುಂದೂಡುವಂತಿಲ್ಲ.