ತೋಡಿನ ನೀರಿನಿಂದ ಊರಿನದೇ ಕರೆಂಟು: ಪರ–ವಿರೋಧ

ಕಾಸರಗೋಡಿನ ಪೂರ್ವಭಾಗದ ಗುಡ್ಡದ ಊರುಗಳಿಗೆ ವಿದ್ಯುತ್ ತಂತಿ ಬಂದು ಬಹಳ ಕಾಲವಾಯಿತು. ಹೀಗಿರುವಾಗ ಊರವರೇ ಕೂಡಿ ಕಿರು ವಿದ್ಯುತ್ ಸ್ಥಾವರವೊಂದನ್ನು ಕಟ್ಟಿ ನಡೆಸಬೇಕೇ? ಎಣ್ಮಕಜೆ ಪಂಚಾಯತಿನ ಒಂದೇ ತೋಡಿನ (ಸಣ್ಣ ಹಳ್ಳದ) ಎರಡು ಬದಿಯಲ್ಲಿ ವಾಸಿಸುವ ಇಬ್ಬರ ಅಭಿಪ್ರಾಯಗಳು ಇಲ್ಲಿವೆ.

ಪರ: ಕಟ್ಟ ಕಟ್ಟಿದವರಿಗೆ ಇದು ಹೊಸತಲ್ಲ

ಕೇರಳವು ಸಂಪೂರ್ಣ ವಿದ್ಯುದೀಕೃತ ರಾಜ್ಯವೆಂದು ಘೋಷಿತವಾದದ್ದು 2017ರ ಮೇ ತಿಂಗಳಲ್ಲಿ. ಆ ಘೋಷಣೆಯನ್ನು ಸುಳ್ಳೆನ್ನಲು ನಾನು ಹೊರಟಿಲ್ಲ. ನಮ್ಮ ಜಗಲಿಯ ಗೋಡೆಯಲ್ಲೂ ಮೀಟರಿದೆ, ಎರಡು ತಿಂಗಳಿಗೊಮ್ಮೆ ಬಿಲ್ಲು ತಪ್ಪದೆ ಬರುತ್ತದೆ. ಆದರೆ ಮಳೆಗಾಲದ ಮೊದಲ ಗಾಳಿಗೆ ಎಲ್ಲೋ ಒಂದು ಅಡಿಕೆಮರ ತಂತಿಯ ಮೇಲೆ ಒರಗಿತೆಂದರೆ ಗುಡ್ಡದ ಈಚೆಗಿನ ಮನೆಗಳೆಲ್ಲ ಕತ್ತಲೆಯಲ್ಲಿ ಉಳಿಯುತ್ತವೆ. ಕಳೆದ ಮಳೆಗಾಲದ ಆಟಿ ತಿಂಗಳಲ್ಲಿ ನಾವು ಸತತ ನಾಲ್ಕು ರಾತ್ರಿ ಮೇಣದಬತ್ತಿಯ ಬೆಳಕಿನಲ್ಲಿ ಉಂಡೆವು, ಮೊಬೈಲು ಚಾರ್ಜು ಮಾಡಿಸಲು ಪೆರ್ಲ ಪೇಟೆಗೆ ಹೋಗಿ ಬಂದೆವು. ಸುರಿಯುವ ಮಳೆಯಲ್ಲಿ ಕಂಬ ಹತ್ತುವ ಲೈನ್‌ಮನ್‌ಗಳನ್ನು ಇದಕ್ಕಾಗಿ ದೂರುವುದು ಅನ್ಯಾಯವಾದೀತು. ತೋಟ, ಕಾಡು, ರಬ್ಬರು ದಾಟಿ ಬರುವ ಉದ್ದದ ತಂತಿಯ ಕೊನೆಯಲ್ಲಿ ನಮ್ಮ ಮನೆಗಳಿವೆ, ಅಷ್ಟೆ.

ಆ ನಾಲ್ಕು ರಾತ್ರಿಯೂ ಕಿವಿ ತುಂಬ ಕೇಳಿಸುತ್ತಿದ್ದದ್ದು ಮನೆಯ ಹಿಂದಿನ ತೋಡಿನ ಸದ್ದು. ಸೆಕೆಂಡಿಗೆ 10 ಲೀಟರ್ ನೀರನ್ನು 20 ಮೀಟರ್ ಎತ್ತರದಿಂದ ಕೊಳವೆಯಲ್ಲಿ ಇಳಿಸಿದರೆ ಅದರಲ್ಲಿ ಸುಮಾರು 2 ಕಿಲೋವ್ಯಾಟ್ ಶಕ್ತಿಯಿರುತ್ತದೆ. ಕೊಳವೆ, ಟರ್ಬೈನು, ಜನರೇಟರುಗಳಲ್ಲಿ ಅರ್ಧದಷ್ಟು ಸೋರಿಹೋದರೂ 1 ಕಿಲೋವ್ಯಾಟ್ ಕೈಗೆ ಸಿಗುತ್ತದೆ. 20 ಮನೆಗಳಿಗೆ ತಲಾ 50 ವ್ಯಾಟ್ ಹಂಚಿದರೆ ಪ್ರತಿ ಮನೆಗೂ ನಾಲ್ಕು ಎಲ್‌ಇಡಿ ದೀಪ, ಒಂದು ಮೊಬೈಲು ಚಾರ್ಜರು ಧಾರಾಳವಾಗಿ ನಡೆಯುತ್ತವೆ. ಘಟ್ಟದ ಮೇಲಿನ ಎಷ್ಟೋ ಒಂಟಿ ಮನೆಗಳಲ್ಲಿ ಇಂಥ ಸಣ್ಣ ಟರ್ಬೈನುಗಳು ವರ್ಷಗಟ್ಟಲೆ ತಿರುಗಿವೆ. ಅಲ್ಲಿ ಹೆಚ್ಚಾದ ಕರೆಂಟನ್ನು ಲೋಡ್ ಕಂಟ್ರೋಲರು ನೀರು ಕಾಯಿಸುವ ಕಾಯಿಲಿಗೆ ತಿರುಗಿಸುತ್ತದೆ. ದೀಪ ಆರಿಸಿ ಮಲಗಿದ ಮನೆಯ ಬಚ್ಚಲಲ್ಲಿ ಬೆಳಗ್ಗೆ ಸ್ನಾನಕ್ಕೆ ಬಿಸಿನೀರು ಸಿದ್ಧವಾಗಿರುತ್ತದೆ.

ಚಾವಣಿಗೆ ಸೌರಫಲಕ ಹಾಕಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. 2024ರಲ್ಲಿ ಆರಂಭವಾದ ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನವಿರುವುದು ನಿಜ. ಆದರೆ ಬ್ಯಾಟರಿಯಿಲ್ಲದೆ ಗ್ರಿಡ್ಡಿಗೆ, ಎಂದರೆ ಹೊರಗಿನಿಂದ ಬರುವ ವಿದ್ಯುತ್ ಜಾಲಕ್ಕೆ, ಜೋಡಿಸಿದ ಇನ್ವರ್ಟರು ಗ್ರಿಡ್ ಹೋದೊಡನೆ ತಾನೂ ನಿಲ್ಲುವಂತೆಯೇ ರಚಿತವಾಗಿದೆ. ಮೇಲಾಗಿ ಮೋಡ ಕವಿದ ಆಟಿಯಲ್ಲಿ ಸೂರ್ಯನನ್ನು ನಂಬುವುದಕ್ಕಿಂತ ತೋಡನ್ನು ನಂಬುವುದು ಮೇಲು.

ಕಾನೂನು ಅಡ್ಡಿಯಾಗಿಲ್ಲ. 2003ರ ವಿದ್ಯುತ್ ಕಾಯ್ದೆಯ 14ನೇ ಸೆಕ್ಷನ್ನು, ರಾಜ್ಯ ಸರಕಾರ ಅಧಿಸೂಚಿಸಿದ ಗ್ರಾಮೀಣ ಪ್ರದೇಶದಲ್ಲಿ ವಿದ್ಯುತ್ ಉತ್ಪಾದಿಸಿ ಹಂಚುವವರಿಗೆ ಲೈಸೆನ್ಸಿನಿಂದ ವಿನಾಯಿತಿ ಕೊಡುತ್ತದೆ. ಸಂವಿಧಾನದ ಹನ್ನೊಂದನೇ ಅನುಸೂಚಿಯಲ್ಲಿ ಗ್ರಾಮೀಣ ವಿದ್ಯುದೀಕರಣವೂ ಪಂಚಾಯತಿಗೆ ವಹಿಸಬಹುದಾದ ವಿಷಯವಾಗಿಯೇ ಇದೆ. ಪಾಲಕ್ಕಾಡ್ ಜಿಲ್ಲಾ ಪಂಚಾಯತಿನ 3 ಮೆಗಾವ್ಯಾಟಿನ ಮೀನ್‌ವಲ್ಲಂ ಜಲವಿದ್ಯುತ್ ಸ್ಥಾವರ 2014ರಲ್ಲಿ ಕೆಲಸ ಆರಂಭಿಸಿತು. ಕೊಯಮತ್ತೂರು ಜಿಲ್ಲೆಯ ಓಡಂತುರೈ ಎಂಬ ಗ್ರಾಮ ಪಂಚಾಯತು 2006ರಲ್ಲಿ ಬ್ಯಾಂಕಿನಿಂದ ಸಾಲ ಎತ್ತಿ 350 ಕಿಲೋವ್ಯಾಟಿನ ಗಾಳಿಯಂತ್ರವನ್ನು ಕೊಂಡಿತು. ಬೆಳಗಾವಿ ಜಿಲ್ಲೆಯ ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರ ಸಂಘವಂತೂ 1969ರಷ್ಟು ಹಿಂದಿನದು.

ಅಷ್ಟು ದೂರ ಹೋಗುವುದೂ ಬೇಡ. ಮಳೆ ನಿಂತ ಮೇಲೆ ತೋಡಿಗೆ ಕಲ್ಲು, ಮಣ್ಣು ಹಾಕಿ ಕಟ್ಟ ಕಟ್ಟಿ ತೋಟಗಳಿಗೆ ನೀರು ನಿಲ್ಲಿಸಿದವರು ನಮ್ಮ ಹಿರಿಯರು. ಏತಡ್ಕದ ಕಟ್ಟಗಳನ್ನು ನೋಡಲು ಹೊರಗಿನಿಂದಲೂ ಜನ ಬಂದಿದ್ದಾರೆ. ಯಾರ ತೋಟ ಎಷ್ಟು, ಯಾರು ಎಷ್ಟು ಆಳು ಕೊಡಬೇಕು, ಮೇಲಿನ ಕಟ್ಟದವನು ಕೆಳಗಿನವನಿಗೆ ಎಷ್ಟು ನೀರು ಬಿಡಬೇಕು ಎಂಬುದನ್ನೆಲ್ಲ ಯಾವ ಇಲಾಖೆಯ ಸುತ್ತೋಲೆಯೂ ಇಲ್ಲದೆ ಊರವರೇ ತೀರ್ಮಾನಿಸುತ್ತಿದ್ದರು. ಅದೇ ತೋಡಿನಲ್ಲಿ ಬೇಸಗೆಗೆ ಕಟ್ಟವಿದ್ದಂತೆ ಮಳೆಗಾಲಕ್ಕೆ ಒಂದು ಟರ್ಬೈನು ಇರಲಿ ಎನ್ನುವುದಷ್ಟೇ ನನ್ನ ಕೋರಿಕೆ.

ವಿರೋಧ: ಕಟ್ಟದ ಕತೆಯನ್ನು ಪೂರ್ತಿ ಹೇಳಬೇಕು

ನೆರೆಮನೆಯ ಭಾವನವರು ಕಟ್ಟದ ಮಾತೆತ್ತಿದ್ದು ಒಳ್ಳೆಯದೇ ಆಯಿತು, ಆದರೆ ಅವರು ಕತೆಯನ್ನು ಅರ್ಧಕ್ಕೇ ನಿಲ್ಲಿಸಿದ್ದಾರೆ. ಬೋರ್‌ವೆಲ್ ಬಂದ ಮೇಲೆ ಕಟ್ಟಗಳ ಗತಿ ಏನಾಯಿತು? ಸ್ವಂತ ಕೊಳವೆಬಾವಿ ಇದ್ದವನು ಮೊದಲು ಆಳು ಕಳಿಸುವುದನ್ನು ಬಿಟ್ಟ, ಅವನನ್ನು ನೋಡಿ ಪಕ್ಕದವನೂ ಬಿಟ್ಟ, ಉಳಿದ ಇಬ್ಬರು ಮೂವರ ಕೈಯಲ್ಲಿ ಕಟ್ಟ ಏಳಲಿಲ್ಲ. ಏತಡ್ಕದಂತಹ ಕೆಲವೆಡೆ ಅವು ಉಳಿದಿವೆಯೆಂದರೆ ಅದು ಅಲ್ಲಿಯವರ ಹೆಚ್ಚುಗಾರಿಕೆ. ಪರ್ಯಾಯವೊಂದು ಸಿಕ್ಕಿದೊಡನೆ ಕೂಡು ಕೆಲಸದಿಂದ ಉಳ್ಳವರು ಮೊದಲು ಜಾರಿಕೊಳ್ಳುತ್ತಾರೆ, ಮತ್ತು ವಿದ್ಯುತ್ತಿನ ಮಟ್ಟಿಗೆ ಆ ಪರ್ಯಾಯ ಈಗಾಗಲೇ ನಮ್ಮ ಜಗಲಿಯ ಗೋಡೆಯಲ್ಲಿದೆ.

ಬಿಹಾರದ ಧರ್ನೈ ಎಂಬ ಹಳ್ಳಿಯಲ್ಲಿ ನಡೆದದ್ದು ಇದೇ. 2014ರಲ್ಲಿ ಅಲ್ಲಿ 100 ಕಿಲೋವ್ಯಾಟಿನ ಸೌರ ಸ್ಥಾವರ ಭಾರಿ ಪ್ರಚಾರದೊಂದಿಗೆ ಆರಂಭವಾಯಿತು. ಊರವರಲ್ಲಿ ಕೆಲವರು ಆಗಲೇ ತಮಗೆ ‘ನಿಜವಾದ ಕರೆಂಟು’ ಬೇಕೆಂದು ಕೇಳಿದ್ದರು. ಗ್ರಿಡ್ ಬಂದಿತು, ಸೌರ ಕರೆಂಟಿಗಿಂತ ಅಗ್ಗವೂ ಆಯಿತು, ಬ್ಯಾಟರಿಗಳು ಸತ್ತವು, ಕೆಲವೇ ವರ್ಷಗಳಲ್ಲಿ ಸ್ಥಾವರದ ಜಾಗದಲ್ಲಿ ದನ ಕಟ್ಟುವಂತಾಯಿತು. ಅಲ್ಲಿ ಗ್ರಿಡ್ ಸ್ಥಾವರದ ಬೆನ್ನಿಗೇ ಬಂದಿತ್ತು. ನಮ್ಮಲ್ಲಿ ಅದು ಮೊದಲೇ ಬಂದು ಕೂತಿದೆ.

ಅವರು ಕೊಟ್ಟ ಉದಾಹರಣೆಗಳನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ಮೀನ್‌ವಲ್ಲಂ ಆಗಲಿ ಓಡಂತುರೈ ಆಗಲಿ ಉತ್ಪಾದಿಸಿದ ವಿದ್ಯುತ್ತನ್ನು ಆಯಾ ರಾಜ್ಯದ ವಿದ್ಯುತ್ ಮಂಡಳಿಗೆ ಮಾರುತ್ತವೆ. ಅಲ್ಲಿಯ ಮನೆಗಳಲ್ಲಿ ಉರಿಯುವುದು ಮಂಡಳಿಯ ದೀಪವೇ. ಹುಕ್ಕೇರಿಯ ಸಂಘ ಕೊಂಡ ವಿದ್ಯುತ್ತನ್ನು ಹಂಚುತ್ತದೆ. ತಾನೇ ಉತ್ಪಾದಿಸಿ, ತಾನೇ ಹಂಚಿ, ತಾನೇ ಹಣ ವಸೂಲು ಮಾಡುವ ಮೂರು ಕೆಲಸವೂ ಒಂದೇ ಸಣ್ಣ ಊರಿನ ತಲೆಯ ಮೇಲೆ ಬೀಳುವುದು ಈ ಮೂರರಲ್ಲಿ ಎಲ್ಲಿಯೂ ಇಲ್ಲ. ಹುಕ್ಕೇರಿಯ ಹೆಸರು ಹೇಳುವವರು ಮಹಾರಾಷ್ಟ್ರದ ಮುಳಾ-ಪ್ರವರಾ ಸಂಘವನ್ನೂ ನೆನೆಯಬೇಕು. ಅದೂ ಗ್ರಾಮೀಣ ವಿದ್ಯುತ್ ಸಹಕಾರ ಸಂಘವೇ. ಕೊಂಡ ವಿದ್ಯುತ್ತಿನ ಬಾಕಿ ಬೆಟ್ಟದಷ್ಟು ಬೆಳೆದು, 2011ರಲ್ಲಿ ವಿತರಣೆ ಅದರ ಕೈತಪ್ಪಿತು. ನಾನು ಹಾಲಿನ ಸಂಘವೊಂದರ ಲೆಕ್ಕ ಬರೆದವನು. ನೆಂಟರಿಂದ ಬಾಕಿ ಕೇಳುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು. ಹಾಲಿನಲ್ಲಾದರೆ ಕೊಡುವ ಹಣದಲ್ಲೇ ಮುರಿದುಕೊಳ್ಳಬಹುದಿತ್ತು, ಕರೆಂಟಿನಲ್ಲಿ ಅತ್ತೆಯ ಮನೆಯ ಫ್ಯೂಸು ಕೀಳಬೇಕಾಗುತ್ತದೆ.

1 ಕಿಲೋವ್ಯಾಟಿನ ಲೆಕ್ಕ ಸರಿಯಾಗಿಯೇ ಇದೆ, ಆದರೆ ನಮ್ಮ ನಿಜವಾದ ಅಗತ್ಯ ಬೇರೆ ತಿಂಗಳಲ್ಲಿದೆ. ಜನವರಿಯಿಂದ ಮೇ ತನಕ ಅಡಿಕೆ ತೋಟಕ್ಕೆ ಸ್ಪ್ರಿಂಕ್ಲರು ತಿರುಗಬೇಕು. 5 ಎಚ್‌ಪಿಯ ಒಂದು ಪಂಪಿಗೇ 3.7 ಕಿಲೋವ್ಯಾಟ್ ಬೇಕು, ವೋಲ್ಟೇಜು ಬೀಳುವುದೂ ಆಗಲೇ. ಆ ಹೊತ್ತಿಗೆ ತೋಡಿನಲ್ಲಿ ಟರ್ಬೈನು ಹೋಗಲಿ, ಕೊಡ ಮುಳುಗುವಷ್ಟೂ ನೀರಿರುವುದಿಲ್ಲ. ಮಳೆಗಾಲದ ಕೆಲವು ರಾತ್ರಿಗಳ ದೀಪಕ್ಕಾದರೆ ಮನೆಮನೆಗೆ ಒಂದೊಂದು ಸಣ್ಣ ಬ್ಯಾಟರಿ ಸಾಕು. ಗ್ರಿಡ್ ಇದ್ದಾಗ ಅದು ತುಂಬಿಕೊಳ್ಳುತ್ತದೆ, ಅದಕ್ಕೆ ಅಧ್ಯಕ್ಷರೂ ಬೇಡ, ಮಹಾಸಭೆಯೂ ಬೇಡ.

ಇನ್ನೊಂದು ಭಯವನ್ನೂ ಹೇಳಿಬಿಡುತ್ತೇನೆ. ಒಂದೇ ಮನೆಗೆ ಎರಡು ಕಡೆಯ ಕರೆಂಟು ಬಂದಾಗ ಒಂದು ಸಲಕ್ಕೆ ಒಂದನ್ನೇ ಜೋಡಿಸುವ ಚೇಂಜ್‌ಓವರ್ ಸ್ವಿಚ್ಚು ಸರಿಯಿರಲೇಬೇಕು. 20 ಮನೆಗಳಲ್ಲಿ ಯಾರಾದರೂ ಒಬ್ಬರು ಅದನ್ನು ತಪ್ಪಿಸಿ ನೇರ ಜೋಡಿಸಿಕೊಂಡರೆ ನಮ್ಮ ಟರ್ಬೈನಿನ ಕರೆಂಟು ಸತ್ತ ತಂತಿಗೆ ಹಿಂದಿನಿಂದ ಹರಿಯುತ್ತದೆ, ಟ್ರಾನ್ಸ್‌ಫಾರ್ಮರಿನಲ್ಲಿ ಅದರ ವೋಲ್ಟೇಜು ಮತ್ತೆ ಏರುತ್ತದೆ. ಆಗ ಕಂಬದ ಮೇಲಿರುವುದು, ಭಾವನವರು ಅಷ್ಟು ಪ್ರೀತಿಯಿಂದ ನೆನೆದ ಅದೇ ಲೈನ್‌ಮನ್.

ಇದಕ್ಕಾಗಿ ಕೂಡಿಸುವ ಹಣ, ಕೂಡಿಸುವ ಜನ, ಪಂಚಾಯತಿನ ಮೇಲೆ ಹಾಕುವ ಒತ್ತಡ ಎಲ್ಲವನ್ನೂ ತೋಟ ದಾಟುವ ತಂತಿಗೆ ಹೊದಿಕೆಯ ಕೇಬಲು ಹಾಕಿಸಲು ಬಳಸೋಣ ಎಂಬುದು ನನ್ನ ವಾದ. ಗಡಿನಾಡಿನವರೆಂದು ನಮ್ಮನ್ನು ಕೊನೆಗೆ ಎಣಿಸುವ ಅಭ್ಯಾಸ ಕಚೇರಿಗಳಿಗೆ ಹೇಗೂ ಇದೆ. ‘ಅವರದ್ದು ಅವರೇ ಮಾಡಿಕೊಂಡಿದ್ದಾರೆ’ ಎನ್ನಲು ಅವರಿಗೊಂದು ಕಾರಣವನ್ನೂ ನಾವೇ ಬರೆದುಕೊಡುವುದು ಬೇಡ.

ಹಾಗೆಂದು ನಾನು ಬಾಗಿಲು ಪೂರ್ತಿ ಮುಚ್ಚಿದವನಲ್ಲ. ಕಳೆದ ತಿಂಗಳು ಶಾಲೆಯ ಜಗಲಿಯಲ್ಲಿ ಸೇರಿದ ಸಭೆಯಲ್ಲಿ ಎರಡು ಹಾಳೆ ಇಟ್ಟಿದ್ದೆವು. ಸಂಪರ್ಕ ಬೇಕಾದವರು ಹೆಸರು ಬರೆಯುವ ಹಾಳೆ ಎರಡೂ ಬದಿ ತುಂಬಿತು. ಕೊಳವೆಯ ಬಾಯಿಯ ಜಾಲರಿಗೆ ಸಿಕ್ಕಿದ ಸೋಗೆ, ಕಸ ತೆಗೆಯಲು ಮಳೆಯ ರಾತ್ರಿ ಸರದಿಯಂತೆ ತೋಡಿಗಿಳಿಯುವವರ ಹಾಳೆಯಲ್ಲಿ ಬಿದ್ದದ್ದು ಎರಡು ಹೆಸರು. ಒಂದು ಭಾವನವರದ್ದು, ಇನ್ನೊಂದು, ಅವರೊಬ್ಬರೇ ಇಳಿಯುವುದು ಬೇಡವೆಂದು ನಾನು ಬರೆದ ನನ್ನದು.